ಬೆಣೆ ತೆಗೆಯುವ ಮುನ್ನ

ಶನಿವಾರ, ಬೆಳಿಗ್ಗೆ ಏಳು ಗಂಟೆ

ಚಿರಂಜೀವಿಯಾದ ಮಗಳಿಗೆ ಅಪ್ಪನ ಮನಃಪೂರ್ವಕ ಆಶೀರ್ವಾದಗಳು.

ಇತ್ತ ನಾವು ಕ್ಷೇಮ, ಅತ್ತ ನಿನ್ನ ಕ್ಷೇಮಕ್ಕೆ ಬರೆಯುವುದು ಎಂದು ಮೊದಲುಮಾಡುವುದು ಹಿರಿಯರು ಹಾಕಿಕೊಟ್ಟ ದಾರಿ. ಇಂದು ಆ ದಾರಿಯಲ್ಲಿ ಕಾಲಿಡಲು ನನಗೆ ಅಧಿಕಾರವಿಲ್ಲ. ಇತ್ತ ಕ್ಷೇಮವಿಲ್ಲ, ಅತ್ತ ನಿನ್ನ ಕ್ಷೇಮವಾದರೂ ಉಳಿಯಲೆಂದೇ ಈ ಕಾಗದ. ಆದುದರಿಂದ ಉಳಿದುದನ್ನು ಓದುವ ಮೊದಲು ಒಂದು ಮಾತನ್ನು ಮನಸ್ಸಿಗೆ ತಂದುಕೋ. ಇವತ್ತು ಹತ್ತು ಗಂಟೆಗೆ ಶಾಲೆಯ ಓದುಮನೆಯ ಹೊಸ ಚಾವಣಿಯನ್ನು ಹೊತ್ತಿರುವ ಸೆಂಟ್ರಿಂಗ್ ಬಿಚ್ಚಿಸಬೇಡ. ಆಸರೆ ಕಂಬಗಳ ಬುಡದ ಬೆಣೆಗಳಲ್ಲಿ ಒಂದನ್ನೂ ಯಾರೂ ಮುಟ್ಟಕೂಡದು. ನಿನ್ನೆ ಎಲ್ಲರೆದುರಿಗೆ ನೀನು ಸಾರಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದೆ: "ಬೆಣೆ ತೆಗೆಯೋವಾಗ ನಾನೇ ಕೆಳಗೆ ನಿಲ್ತೀನಿ. ಕಟ್ಟಿದೋರು ನಿಲ್ಲಬೇಕು. ನಮ್ಮಪ್ಪ ನಲವತ್ತು ವರ್ಷ ಹಾಗೇ ನಿಂತಿದ್ದು." ಅದನ್ನು ಕೇಳಿ ಮುಖ್ಯೋಪಾಧ್ಯಾಯಿನಿಯವರೂ, "ಹಾಗಾದ್ರೆ ನಾನೂ ನಿನ್ನ ಪಕ್ಕದಲ್ಲೇ ನಿಲ್ತೀನಮ್ಮ, ನನ್ನ ಮಕ್ಕಳು ಓದೋ ಜಾಗ" ಎಂದರು. ನಿಲ್ಲಬೇಡ, ಮಗಳೇ. ಅವರನ್ನೂ ನಿಲ್ಲಗೊಡಬೇಡ.

ಕಾರಣವೇನೆಂದು ಕೇಳುವೆ. ಹೋದ ವಾರವೆಲ್ಲ ಗಾಳಿಯಲ್ಲಿ ತೇವವಿದ್ದುದರಿಂದ ಸುಣ್ಣದ ಗಾರೆ ಒಳಗೆ ಇನ್ನೂ ಹಸಿಯಾಗಿರಬಹುದು. ನಿನ್ನೆ ಸಂಜೆಯಿಂದ ಗಾಳಿಯೂ ಬಲವಾಗಿ ಬೀಸುತ್ತಿದೆ. ಅಲ್ಲದೆ ಬಡಗಿಗೆ ಮೈ ಸರಿಯಿಲ್ಲವೆಂದು ಕೇಳಿದೆ. ನಡುಗುವ ಕೈಯಲ್ಲಿ ಬೆಣೆ ಬಡಿಯುವುದು ತರವಲ್ಲ.

ಇಷ್ಟು ಬರೆದು ಮತ್ತೊಮ್ಮೆ ಓದಿ ನೋಡಿದೆ. ಮೂರು ಕಾರಣಗಳೂ ಸುಳ್ಳು. ಗಾರೆ ಕಲ್ಲಿನಂತಾಗಿದೆಯೆಂದು ಮೊನ್ನೆ ಉಗುರಿನಿಂದ ಗೀರಿ ನೋಡಿದವನು ನಾನೇ. ಗಾಳಿ ಮಗುವಿನ ಉಸಿರಿನಷ್ಟು ಮೆಲ್ಲಗಿದೆ. ಬಡಗಿಯೋ ಗುಂಡುಕಲ್ಲಿನಂತೆ ಇದ್ದಾನೆ. ಆ ಸಾಲುಗಳನ್ನು ಹೊಡೆದುಹಾಕಿ ಬೇರೆ ಹಾಳೆಯಲ್ಲಿ ಬರೆಯಬಹುದಾಗಿತ್ತು. ಬೇಕೆಂದೇ ಹಾಗೆ ಬಿಟ್ಟಿದ್ದೇನೆ. ಭಯವೆಂಬುದು ನಿನ್ನ ತಂದೆಯ ಕೈಯಲ್ಲಿ ಏನನ್ನು ಬರೆಯಿಸುತ್ತದೆ ಎಂಬುದು ನಿನಗೆ ತಿಳಿದಿರಲಿ. ಮುಂದೆ ಬರುವುದನ್ನು ನಂಬಲು ಅದು ಬೇಕಾಗುತ್ತದೆ.

ನಿಜವಾದ ಕಾರಣ ನಾನು.

ಅದನ್ನು ಒಂದೇ ಉಸಿರಿನಲ್ಲಿ ಹೇಳಲಾರೆ. ಹೆದರಿದವನು ಸುತ್ತುದಾರಿ ಹಿಡಿಯುತ್ತಾನೆ. ಹತ್ತು ಗಂಟೆಗೆ ಇನ್ನೂ ಹೊತ್ತಿದೆ, ಸ್ವಲ್ಪ ಸೈರಿಸು.

ಎರಡು ವರ್ಷಗಳ ಹಿಂದೆ ಒಂದು ಸುರುಳಿ ಕಾಗದವನ್ನು ಕಂಕುಳಲ್ಲಿಟ್ಟುಕೊಂಡು ಬಂದೆಯಲ್ಲ, ಅದನ್ನು ಊಟದ ಮೇಜಿನ ಮೇಲೆ ಹರಡಿ, ಮೂವತ್ತು ಅಡಿ ಅಗಲ, ಐವತ್ತು ಅಡಿ ಉದ್ದದ ಕೋಣೆಗೆ ಒಂದೇ ಕಮಾನಿನ ಚಾವಣಿ ಎಂದೆ. ಕಂಬವಿಲ್ಲ, ತೊಲೆಯಿಲ್ಲ, ಒಂದು ಮೊಳ ಕಬ್ಬಿಣವಿಲ್ಲ. ತೆಳು ಇಟ್ಟಿಗೆ, ಸುಣ್ಣದ ಗಾರೆ, ದಪ್ಪ ಬರೀ ನಾಲ್ಕು ಬೆರಳು. ನಾನು ನಕ್ಕೆ. "ಗಾಳೀಲಿ ಗೋಪುರ ಕಟ್ತೀಯೇನೇ?" ಎಂದೆ. ನೀನು ಮುನಿಯಲಿಲ್ಲ. "ಗಾಳೀಲಲ್ಲ ಅಪ್ಪ, ಮೊದಲು ನಮ್ಮ ಗೋಡೆ ಮೇಲೆ" ಎಂದು ಹಿಂದಿನ ಕೋಣೆಗೆ ಹೋಗಿ ಎರಡು ಮೊಳೆ ಹೊಡೆದು ಒಂದು ಸಣ್ಣ ಸರಪಳಿಯನ್ನು ನೇತುಹಾಕಿದೆ. ನಿನ್ನ ತಾಯಿ ಸೌಟು ಹಿಡಿದುಕೊಂಡೇ ಬಂದು ನೋಡಿ, "ಇರೋ ಒಂದು ಒಳ್ಳೇ ಗೋಡೇನೂ ಹೋಯ್ತು. ಅಪ್ಪ ಮಗಳು ಸೇರಿ ಇನ್ನು ನನ್ನನ್ನೂ ಒಂದು ಮೊಳೆಗೆ ನೇತುಹಾಕಿ" ಎಂದಳು.

ನೇತಾಡುವ ಸರಪಳಿ ತನ್ನ ಭಾರಕ್ಕೆ ತಕ್ಕ ಆಕಾರವನ್ನು ತಾನೇ ಹುಡುಕಿಕೊಳ್ಳುತ್ತದೆ, ಆ ಆಕಾರವನ್ನು ತಲೆಕೆಳಗು ಮಾಡಿ ಇಟ್ಟಿಗೆಯಲ್ಲಿ ಕಟ್ಟಿದರೆ ಅದು ತಾನೇ ನಿಲ್ಲುತ್ತದೆ ಎಂದು ನೀನು ವಿವರಿಸಿದೆ. ಇಟ್ಟಿಗೆಯ ಭಾರಕ್ಕೆ ಬದಲಾಗಿ ಚಾವಣಿಯ ಅಡಿಗೊಂದರಂತೆ ಮರಳಿನ ಪುಟ್ಟ ಚೀಲಗಳನ್ನು ಸರಪಳಿಗೆ ಕಟ್ಟಿದೆ. ಅದರ ಹಿಂದೆ ಗೋಡೆಯ ಮೇಲೆ ಇದ್ದಿಲಿನಿಂದ ಎರಡು ಬಾಗುಗೆರೆ ಎಳೆದು, ಒಂದು ಚಾವಣಿಯ ಒಳಮೈ, ಇನ್ನೊಂದು ಹೊರಮೈ ಎಂದೆ. "ಸರಪಳಿ ಈ ಎರಡು ಗೆರೆ ನಡುವೆ ಇರೋತನಕ ಚಾವಣಿ ಬದುಕಿರುತ್ತೆ ಅಪ್ಪ. ಗೆರೆ ದಾಟಿದ್ರೆ ಮುಗೀತು." ನಾನು ತಲೆದೂಗಿದೆ. ಕೇಳಿದ್ದು ಕಿವಿ ಮಾತ್ರ, ಕೈ ಕೇಳಲಿಲ್ಲ. ನಲವತ್ತು ವರ್ಷ ಕರಣೆ ಹಿಡಿದ ಕೈಗೆ ತನ್ನದೇ ಒಂದು ಶಾಸ್ತ್ರವಿರುತ್ತದೆ, ಮಗಳೇ.

ಆಮೇಲಿನ ಎರಡು ವರ್ಷಗಳನ್ನು ನಾನು ನಿನಗೆ ನೆನಪಿಸಬೇಕಾಗಿಲ್ಲ. ಆದರೂ ನೆನೆಯದೆ ಇರಲಾರೆ. ನಗರಸಭೆಯ ಪರೀಕ್ಷಕರು ನಕ್ಷೆಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು, "ಏನಮ್ಮ, ಶಾಲೆ ಮಕ್ಕಳ ಮೇಲೆ ಮೊಟ್ಟೆ ಚಿಪ್ಪು ಹೊದಿಸ್ತೀಯಾ?" ಎಂದಾಗ ನೀನು, "ಒಂದು ಮೊಟ್ಟೇನ ಅಂಗೈಲಿಟ್ಟು ಹಿಚುಕಿ ನೋಡಿ ಸಾರ್, ಆಮೇಲೆ ಮಾತಾಡೋಣ" ಎಂದುಬಿಟ್ಟೆ. ಅವರು ಕಟ್ಟಿ ತೋರಿಸಲು ಹೇಳಿದರು. ನಮ್ಮ ಹಿತ್ತಲಿನಲ್ಲಿ ಒಂಬತ್ತು ಕಮಾನು ಕಟ್ಟಿದೆವು, ಐದು ಬಿದ್ದವು. ಮೊದಲನೆಯದು ನಿನ್ನ ತಾಯಿಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಉರುಳಿತು. "ಈಗ ತಾನೇ ಎದ್ದುಬಂದೆ, ದೇವರು ದೊಡ್ಡೋನು. ನನ್ನನ್ನೇ ಒಗೆದು ಹಾಕೋಕೆ ಹೊರಟಿದ್ದೀರಾ?" ಎಂದು ಅವಳು ಕೂಗಾಡುತ್ತಿದ್ದರೆ ನೀನು ಧೂಳಿನಲ್ಲಿ ಮಂಡಿಯೂರಿ, ಯಾವ ಸಂದು ಮೊದಲು ಬಾಯಿಬಿಟ್ಟಿತೆಂದು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. ಪ್ರತಿಯೊಂದು ಬಿದ್ದಾಗಲೂ ನಾನು ಸಮಾಧಾನ ಹೇಳಲು ಬಾಯಿ ತೆರೆದರೆ, "ಬಿದ್ದಿದ್ದು ಕಮಾನಲ್ಲ ಅಪ್ಪ, ನನ್ನ ಊಹೆ" ಎಂದು ಮತ್ತೆ ಇಟ್ಟಿಗೆ ನೆನೆಸಲು ಏಳುತ್ತಿದ್ದೆ.

ಸುಣ್ಣ ಅರಳಿಸುವುದನ್ನು ಕಲಿಯುವಾಗ ನಿನ್ನ ಎಡಗೈ ಸುಟ್ಟಿತು. ನನ್ನಿಂದ ಕರಣೆ ಹಿಡಿಯುವುದನ್ನು ಕಲಿತೆ. ನನಗೋ, ಅರುವತ್ತೆಂಟನೆಯ ವಯಸ್ಸಿನಲ್ಲಿ ಇಟ್ಟಿಗೆಯನ್ನು ಹೊಸದಾಗಿ ಇಡುವುದನ್ನು ಕಲಿಸಿದೆ. ನನ್ನ ಗುರುಗಳು ನೆನಪಿನಲ್ಲಿದ್ದಾರಲ್ಲ? ಯೌವನದಲ್ಲಿ ಅವರ ಪುಸ್ತಕದ ಕೋಣೆಯ ಗೋಡೆಗಳನ್ನು ನಾನು ದುರಸ್ತಿ ಮಾಡುತ್ತಿದ್ದಾಗ ಸಂಜೆಸಂಜೆ ಕೂರಿಸಿಕೊಂಡು ಹಳೆಯ ಗ್ರಂಥಗಳನ್ನು ಓದಿಸಿದವರು. ಸಂಕಲ್ಪಕ್ಕೂ ಸಿದ್ಧಿಗೂ ನಡುವೆ ಇರುವುದು ಬೆವರಿನ ಹೊಳೆಯೊಂದೇ, ಅದಕ್ಕೆ ಸೇತುವೆಯಿಲ್ಲ, ಈಜಿಯೇ ದಾಟಬೇಕು ಎಂದು ಅವರು ಹೇಳುತ್ತಿದ್ದರು. ನೀನು ಈಜುವುದನ್ನು ನಾನು ದಡದಲ್ಲಿ ನಿಂತು ನೋಡಿದವನಲ್ಲ, ಪಕ್ಕದಲ್ಲೇ ಇದ್ದೆ. ಒಂಬತ್ತನೆಯ ಕಮಾನಿನ ಮೇಲೆ ನಲವತ್ತೆರಡು ಮರಳಿನ ಮೂಟೆ ಹೇರಿ, ಅದರ ಮೇಲೆ ಪರೀಕ್ಷಕರು ತಾವೇ ಹತ್ತಿ ಕುಳಿತು, "ಇಳಿಯೋಕೆ ಏಣಿ ಕೊಡ್ರಪ್ಪ, ನನಗೆ ತಲೆ ತಿರುಗುತ್ತೆ, ಕಮಾನಿಗೆ ಏನೂ ಆಗಿಲ್ಲ" ಎಂದ ದಿನ ನಾನು ದೇವರ ಮುಂದೆ ದೀಪ ಹಚ್ಚಿ ಬಹಳ ಹೊತ್ತು ಕುಳಿತಿದ್ದೆ.

ಇಷ್ಟನ್ನೆಲ್ಲ ಕಣ್ಣಾರೆ ಕಂಡವನಿಗೆ ಸಂಶಯ ಬರಬಾರದಾಗಿತ್ತು. ಬಂದಿತು.

ಶಾಲೆಯಲ್ಲಿ ಚಾವಣಿ ಏಳುತ್ತಿದ್ದಂತೆ ನನ್ನೊಳಗೂ ಒಂದು ಏಳತೊಡಗಿತು. ಹಿತ್ತಲಿನ ಕಮಾನಿನ ಕೆಳಗೆ ಬೆಕ್ಕು ಮಲಗುತ್ತಿತ್ತು. ಇದರ ಕೆಳಗೆ ಇನ್ನೂರು ಮಕ್ಕಳು ಕೂರುತ್ತಾರೆ. ಸೆಂಟ್ರಿಂಗಿನ ಹಲಗೆಯ ಮೇಲೆ ಎರಡೂ ಕಡೆಯಿಂದ ಬಂದ ಇಟ್ಟಿಗೆಗಳು ನೆತ್ತಿಯಲ್ಲಿ ಕೂಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟುತ್ತಲೇ ಆ ನೆತ್ತಿಯ ಅಂಚನ್ನು ನೋಡಿದೆ: ನಾಲ್ಕು ಬೆರಳು. ನನ್ನ ಅಂಗೈಯಷ್ಟೂ ಇಲ್ಲ. ಆ ದಿನದಿಂದ ಪೂಜೆಗೆ ಕುಳಿತರೆ ಕಣ್ಣು ಮುಚ್ಚಿದೊಡನೆ ಆ ನಾಲ್ಕು ಬೆರಳು ಕಾಣುತ್ತಿತ್ತು. ನಾಮಸ್ಮರಣೆಯ ನಡುವೆ ಇಟ್ಟಿಗೆ ಬೀಳುವ ಸದ್ದು ಕೇಳುತ್ತಿತ್ತು. ಊಟದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ನಿನ್ನ ತಾಯಿ, "ಮಗಳು ಕಟ್ತಿರೋದು ಚಾವಣಿ, ಹೆರಿಗೆ ನೋವು ಇವರಿಗೆ" ಎಂದು ಹಾಸ್ಯಮಾಡಿದಳು.

ಮೂರು ವಾರಗಳ ಹಿಂದೆ ಪರೀಕ್ಷಕರ ಮೊಹರಿಗಾಗಿ ನೀನು ಎರಡು ದಿನ ಪಟ್ಟಣಕ್ಕೆ ಹೋದೆ. ಹೋಗುವಾಗ, "ಮೇಲ್ಗಾರೆ ಬಳಿದುಬಿಡಿ ಅಪ್ಪ, ನೀವಿದ್ದೀರಲ್ಲ" ಎಂದು ಹೇಳಿ ಹೋದೆ.

ಮಗಳೇ, ನಾನು ಮೇಲ್ಗಾರೆಯನ್ನು ಮಾತ್ರ ಬಳಿಯಲಿಲ್ಲ. ಅದಕ್ಕೆ ಮೊದಲು ನೆತ್ತಿಯ ಉದ್ದಕ್ಕೂ, ಮೂರು ಅಡಿ ಅಗಲಕ್ಕೆ, ಇನ್ನೊಂದು ಪದರ ಇಟ್ಟಿಗೆ ಹಾಸಿದೆ. ಐವತ್ತು ಅಡಿಯೂ ಹಾಸಿದೆ. ಅಂಚುಗಳನ್ನು ಗಾರೆಯಿಂದ ಇಳಿಜಾರು ಮಾಡಿ, ಕಣ್ಣಿಗೆ ಉಬ್ಬು ತಿಳಿಯದಂತೆ ತೇಯ್ದು ನುಣುಪುಗೊಳಿಸಿದೆ. ಆ ಕೆಲಸದಲ್ಲಿ ನನ್ನ ಕೈ ಎಷ್ಟು ಪಳಗಿದೆಯೆಂದು ನಿನಗೆ ಗೊತ್ತು.

ಕದಿಯುವವನಂತೆ ಮಾಡಿದೆ; ಆದರೆ ಕದಿಯುವಾಗ ಇಲ್ಲದ ನೆಮ್ಮದಿ ಅದನ್ನು ಮಾಡುವಾಗ ನನಗಿತ್ತು. ನಮ್ಮ ಕೈಯ ಶಾಸ್ತ್ರ ಅದೊಂದೇ: ಎಲ್ಲಿ ಭಯವೋ ಅಲ್ಲಿ ಇನ್ನೊಂದು ಇಟ್ಟಿಗೆ. ಗೋಡೆ ತೆಳುವೆನಿಸಿದರೆ ದಪ್ಪ ಮಾಡು, ಅಡಿಪಾಯ ಸಾಲದೆನಿಸಿದರೆ ಆಳ ಮಾಡು. ಹೀಗೆ ಮಾಡಿ ನಾನು ಎಂದೂ ಕೆಟ್ಟವನಲ್ಲ. ಇಟ್ಟಿಗೆ ಮೇಲೆ ಸಾಗಿಸುವುದನ್ನು ಕಂಡ ಬಡಗಿ ಮೂರ್ಬೆರಳು (ಗರಗಸಕ್ಕೆ ಎರಡು ಬೆರಳು ಕೊಟ್ಟ ಮೇಲೆ ಅವನನ್ನು ಹೆಸರು ಹಿಡಿದು ಕರೆದವರಿಲ್ಲ) ಏಣಿಯ ಬುಡದಲ್ಲಿ ನಿಂತು, "ಮೇಸ್ತ್ರಿ, ಇದು ಇಂಜಿನಿಯರಮ್ಮಂಗೆ ಗೊತ್ತಾ?" ಎಂದು ಕೇಳಿದ. "ಹೇಳ್ತೀನಿ ಬಿಡೋ" ಎಂದೆ. "ನೀವು ಹೇಳ್ತೀನಿ ಅಂದ್ರೆ ಹೇಳಲ್ಲ ಅಂತ ಅರ್ಥ" ಎಂದು ಅವನು ಗೊಣಗಿಕೊಂಡು ಹೋದ. ಅವನನ್ನು ಬಯ್ಯಬೇಡ. ಬಾಯಿಬಿಡದಂತೆ ನಾನೇ ಅವನಿಂದ ಮಾತು ತೆಗೆದುಕೊಂಡಿದ್ದೆ.

ನೀನು ಹಿಂದಿರುಗಿದೆ. ಗಾರೆಯ ಮೇಲೆ ಅಂಗೈ ಆಡಿಸಿ, "ಎಷ್ಟು ನುಣುಪಾಗಿ ಬಂದಿದೆ ಅಪ್ಪ!" ಎಂದೆ. ಈ ಎರಡು ವರ್ಷಗಳಲ್ಲಿ ನೀನು ಅಳೆಯದೆ ಬಿಟ್ಟ ವಸ್ತು ಒಂದೂ ಇಲ್ಲ. ಒಂದೊಂದು ಇಟ್ಟಿಗೆಯನ್ನೂ ತೂಗಿದೆ. ಅಳೆಯದೆ ಬಿಟ್ಟದ್ದು ಅದೊಂದನ್ನು ಮಾತ್ರ. ಅದು ನಿನ್ನ ಅಪ್ಪ ಮಾಡಿದ ಕೆಲಸವೆಂಬ ಒಂದೇ ಕಾರಣಕ್ಕೆ. ಆಗಲೂ ನಾನು ಸುಮ್ಮನಿದ್ದೆ. ನಿನ್ನ ಕಣ್ಣಿನಲ್ಲಿ ಆ ಹೊತ್ತು ಇದ್ದ ಬೆಳಕನ್ನು ಆರಿಸುವುದು ಬೇಡವೆನಿಸಿತು ಎಂದು ಅಂದು ನನಗೆ ನಾನೇ ಹೇಳಿಕೊಂಡೆ. ಇಂದು ತಿಳಿಯುತ್ತಿದೆ: ನಾನು ಹೆದರಿದ್ದೆ, ಅಷ್ಟೇ.

ಇನ್ನು ನಿನ್ನೆಯ ಸಂಗತಿ. ಸಂಜೆ, ನೀನು ಶಾಲೆಗೆ ಹತ್ತಿರವೆಂದು ಮುಖ್ಯೋಪಾಧ್ಯಾಯಿನಿಯವರ ಮನೆಗೆ ಮಲಗಲು ಹೋದ ಮೇಲೆ, ನಿನ್ನ ತಾಯಿ, "ನಾಳೆಗೆ ಮುಗೀತಲ್ಲ, ಆ ಸರಪಳಿ ಬಿಚ್ರೀ. ಅದೇ ಮೊಳೆಗೆ ಹಗ್ಗ ಕಟ್ಟಿ ಬಟ್ಟೆ ಹಾಕ್ಕೋತೀನಿ" ಎಂದಳು. ಬಿಚ್ಚಲೆಂದು ಕೈ ಎತ್ತಿದೆ. ನಡುವಿನ, ಅಂದರೆ ನೆತ್ತಿಯ, ಮೂರು ಚೀಲಗಳು ಕಣ್ಣ ಮಟ್ಟಕ್ಕಿದ್ದವು. ಅಡಿಗೊಂದು ಚೀಲ, ಮೂರು ಅಡಿಗೆ ಮೂರು. ಅಲ್ಲಿ ಇಟ್ಟಿಗೆ ಎರಡು ಪದರವಾಗಿದೆ, ಹಾಗಾದರೆ ಇಲ್ಲಿ ಚೀಲವೂ ಎರಡರಷ್ಟಾಗಬೇಕಲ್ಲವೇ ಎಂಬ ಯೋಚನೆ ಎಲ್ಲಿಂದಲೋ ಬಂದಿತು. ನಗುತ್ತಲೇ ಮಾಡಿದೆ, ನಿಜವಾಗಿ ನಗುತ್ತಲೇ. ನಾನು ಮಾಡಿದ ಉಪಕಾರವನ್ನು ಸರಪಳಿಯ ಬಾಯಿಂದಲೂ ಕೇಳೋಣವೆಂದು ಮರಳು ತಂದು, ತೂಗಿ, ಆ ಮೂರು ಚೀಲಗಳ ಪಕ್ಕದಲ್ಲಿ ಇನ್ನು ಮೂರನ್ನು ಕಟ್ಟಿದೆ.

ಸರಪಳಿ ಸರಿಯಿತು.

ಸದ್ದಿಲ್ಲದೆ, ಹಾವು ಹೊರಳುವಂತೆ ಸರಿಯಿತು. ನಡುವೆ ಕೆಳಕ್ಕೆ ಜಗ್ಗಿತು. ಎರಡೂ ಹೆಗಲುಗಳಲ್ಲಿ ಬಾಗು ಕಳೆದುಕೊಂಡು ನೆಟ್ಟಗಾಯಿತು. ನೆಟ್ಟಗಾಗುತ್ತ ಇದ್ದಿಲಿನ ಗೆರೆಯನ್ನು ದಾಟಿತು. ಎರಡೂ ಕಡೆ ದಾಟಿತು. ನಾನು ಚೀಲ ಬಿಚ್ಚಿದೆ, ಸರಪಳಿ ಗೆರೆಯೊಳಗೆ ಬಂದಿತು. ಕಟ್ಟಿದೆ, ದಾಟಿತು. ತೂಕ ತಪ್ಪಿರಬಹುದೆಂದು ಮತ್ತೆ ತೂಗಿದೆ. ಕಣ್ಣು ಮೋಸ ಮಾಡುತ್ತಿದೆಯೆಂದು ನಿನ್ನ ತಾಯಿಯನ್ನು ಕರೆದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನೋಡಿ, "ಗೆರೆ ಆಚೆ ಹೋಗಿದೆ. ಏನೀಗ?" ಎಂದಳು. ಏನೂ ಇಲ್ಲವೆಂದೆ. "ಏನೂ ಇಲ್ದೆ ಮುಖ ಯಾಕೆ ಹಾಗೆ ಸುಣ್ಣದ ಹಾಗಿದೆ?" ಎಂದಳು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟೆ. ಎಲ್ಲಿ ಬಲ ಕೊಟ್ಟೆನೆಂದು ಮೂರು ವಾರ ನೆಮ್ಮದಿಯಿಂದ ಉಂಡೆನೋ ಅಲ್ಲಿಯೇ ನಿನ್ನ ಚಾವಣಿಯ ಕತ್ತಿನ ಮೇಲೆ ಕಾಲಿಟ್ಟು ನಿಂತಿದ್ದೇನೆ. ಭಾರವನ್ನು ಭಗವಂತನ ಮೇಲೆ ಹಾಕಬೇಕೆಂದು ಊರಿಗೆಲ್ಲ ಹೇಳಿದವನು, ನನ್ನ ಭಾರವನ್ನು ತಂದು ನಿನ್ನ ನಾಲ್ಕು ಬೆರಳಿನ ಮೇಲೆ ಹಾಕಿದೆ.

ಆ ಕ್ಷಣವೇ ನಿನಗೆ ಫೋನ್ ಮಾಡಿದೆ. ನೀನು, "ಹೇಳಿ ಅಪ್ಪ" ಎಂದೆ. ಆ ದನಿಯಲ್ಲಿ ಎಷ್ಟು ಹಿಗ್ಗಿತ್ತು! "ಊಟ ಆಯ್ತೇನಮ್ಮ?" ಎಂದೆ. "ಆಯ್ತು ಅಪ್ಪ." ಇಟ್ಟುಬಿಟ್ಟೆ. ಕಾಲು ಗಂಟೆ ಬಿಟ್ಟು ಮತ್ತೆ ಮಾಡಿದೆ. "ಹೊದೆಯೋಕೆ ಇದೆಯಾ ಅಲ್ಲಿ?" ಎಂದು ಕೇಳಿದೆ. ನೀನು ನಕ್ಕು, "ಅಪ್ಪ, ನೀವು ಹೆದರಿದ್ದೀರ. ನಾನು ಹೆದರಿಲ್ಲ. ಮಲಗಿ" ಎಂದೆ. ಎದುರಿಗೆ ನಿಂತಾಗಲೂ ನನ್ನಿಂದ ಇಷ್ಟೇ ಆಗುತ್ತದೆ ಎಂದು ಆಗ ತಿಳಿಯಿತು. ಆದುದರಿಂದ ಕಾಗದ. ಕಾಗದಕ್ಕೆ ದನಿಯಿಲ್ಲ, ಅದು ಓದುವವರ ನಗುವನ್ನು ಕೇಳಿ ಮಾತು ಬದಲಿಸುವುದಿಲ್ಲ.

ಇನ್ನೂ ಒಂದು ತಪ್ಪೊಪ್ಪಿಗೆ ಉಳಿದಿದೆ. ಈ ಕಾಗದ ಬರೆಯುವ ಸಂಕಲ್ಪ ನನ್ನ ಮೊದಲ ಸಂಕಲ್ಪವಲ್ಲ. ಇಂದು ಬೆಳಕು ಹರಿಯುತ್ತಿದ್ದಂತೆ ವಾಕಿಂಗ್ ಹೋಗುತ್ತೇನೆಂದು ನಿನ್ನ ತಾಯಿಗೆ ಹೇಳಿ ಉಳಿ, ಸುತ್ತಿಗೆ ಚೀಲದಲ್ಲಿಟ್ಟುಕೊಂಡು ಶಾಲೆಗೆ ಬಂದೆ. ಕಾವಲುಗಾರ, "ಇಷ್ಟು ಬೇಗ ಬಂದ್ರಲ್ಲ ಮೇಸ್ತ್ರಿ, ನಿದ್ದೆ ಬರಲಿಲ್ವಾ?" ಎಂದು ಬೀಗ ತೆಗೆದ. ಹತ್ತು ಗಂಟೆಯೊಳಗೆ ನಾನು ಹಾಸಿದ ಪದರವನ್ನು ಎಬ್ಬಿಸಿ, ಗಾರೆ ತೇಪೆ ಹಾಕಿ, ಯಾರಿಗೂ ತಿಳಿಯದಂತೆ ಮುಗಿಸಬೇಕೆಂಬುದೇ ನನ್ನ ಉಪಾಯ. ಮೇಲೆ ಹತ್ತಿದೆ. ನೆತ್ತಿಯ ಮೇಲೆ ಉಳಿಯಿಟ್ಟು ಒಂದು ಏಟು ಹಾಕಿದೆ.

ಒಂದೇ ಏಟು. ಕೆಳಗೆ ಎಲ್ಲೋ ಹಲಗೆಯೊಂದು ಕರಕ್ಕೆಂದಿತು. ಆಮೇಲೆ ಸಂದುಗಳಿಂದ ಗಾರೆಯ ಮರಳು ಸೋರುವ ಸದ್ದು. ಜರಜರ, ಜರಜರ, ತುಸು ಹೊತ್ತು ಸೋರಿ ನಿಂತಿತು. ನಾನು ಮಂಡಿಯ ಮೇಲೆ ಹಾಗೆಯೇ ಇದ್ದೆ. ಉಸಿರು ಬಿಟ್ಟರೆ ಬೀಳುತ್ತದೆಯೇನೋ ಎಂದು ಉಸಿರು ಹಿಡಿದೆ. ಏಟಿನಿಂದ ನಿನ್ನ ಪದರದಲ್ಲೇ ಎಲ್ಲಿ ಬಿರುಕು ಬಿಟ್ಟಿತೋ, ಯಾವ ಕಡೆಯಿಂದ ಮೊದಲು ತೆಗೆಯಬೇಕೋ, ಎರಡೂ ಕಡೆ ಸಮವಾಗಿ ತೆಗೆಯಬೇಕೋ, ಅಥವಾ ತೆಗೆಯದೆ ಹೆಗಲುಗಳ ಮೇಲೆ ಭಾರ ಹೇರಿ ಸರಿತೂಗಿಸಬೇಕೋ, ನನಗೆ ಒಂದೂ ಗೊತ್ತಿಲ್ಲ. ನಲವತ್ತು ವರ್ಷ ಮೇಸ್ತ್ರಿ ಎನಿಸಿಕೊಂಡವನಿಗೆ ಆ ಚಾವಣಿಯ ಮೇಲೆ ಒಂದು ಅಂಗುಲದಷ್ಟೂ ತಿಳಿವಳಿಕೆ ಇಲ್ಲವೆಂದು ಅಲ್ಲಿ ಮಂಡಿಯೂರಿದ್ದಾಗ ಮನವರಿಕೆಯಾಯಿತು. ಕದ್ದು ಮಾಡಿದ್ದನ್ನು ಕದ್ದು ಸರಿಪಡಿಸಲು ಹೋಗಿ ಎರಡನೆಯ ಸಲ ಕೊಲ್ಲಲು ಹೊರಟಿದ್ದೆ. ಉಳಿಯನ್ನು ಅಲ್ಲಿಯೇ ಬಿಟ್ಟೆ. ಹೊಟ್ಟೆಯ ಮೇಲೆ ತೆವಳಿಕೊಂಡು ಅಂಚಿಗೆ ಬಂದು ಏಣಿ ಇಳಿದೆ. ಹನ್ನೆರಡು ಮೆಟ್ಟಿಲುಗಳಿಗೆ ನಾನು ತೆಗೆದುಕೊಂಡ ಹೊತ್ತಿನಲ್ಲಿ ಕಾವಲುಗಾರ ಅಂಗಳ ಪೂರ್ತಿ ಗುಡಿಸಿದ್ದ.

ಈಗ ಮಾಡಬೇಕಾದುದನ್ನು ಹೇಳುತ್ತೇನೆ. ಹೇಳುತ್ತೇನೆ ಎಂಬುದೂ ತಪ್ಪು, ಬೇಡಿಕೊಳ್ಳುತ್ತೇನೆ. ಹತ್ತು ಗಂಟೆಗೆ ಪರೀಕ್ಷಕರು ಬರುತ್ತಾರೆ. ಚಾವಣಿ ತಡವಾಯಿತೆಂದರೆ ಅವರು ಮೊಟ್ಟೆಯ ಮಾತನ್ನು ಮತ್ತೆ ತೆಗೆಯುತ್ತಾರೆ. ಆಗ ನೀನು ಅಪ್ಪನ ಮಾನ ಉಳಿಸಲು ಗಾರೆ ಹಸಿಯಿತ್ತು, ಗಾಳಿಯಿತ್ತು ಎನ್ನಬೇಡ. ಆ ಸುಳ್ಳುಗಳನ್ನು ನಾನೇ ಬರೆದು ಸವೆಸಿಬಿಟ್ಟಿದ್ದೇನೆ. ನಕ್ಷೆ ಸರಿಯಿದೆ, ಕಟ್ಟಿದವನು ಕೆಡಿಸಿದ ಎಂದು ಎಲ್ಲರೆದುರಿಗೆ ಹೇಳು. ನಿನಗೆ ಬಾಯಿ ಬರದಿದ್ದರೆ ನಾನು ಹೇಳುತ್ತೇನೆ. ಆಮೇಲೆ ನೀನು ಲೆಕ್ಕ ಹಾಕು, ಸರಪಳಿಯನ್ನು ಕೇಳು. ತೆಗೆಯಬೇಕೆಂದರೆ ತೆಗೆಯೋಣ, ಹೇರಬೇಕೆಂದರೆ ಹೇರೋಣ. ವಾರ ಹಿಡಿಯಲಿ, ತಿಂಗಳು ಹಿಡಿಯಲಿ. ಇಂದಿನಿಂದ ಈ ಚಾವಣಿಗೆ ಮೇಸ್ತ್ರಿ ನೀನು. ನಾನು ಗಾರೆ ಕಲಸುತ್ತೇನೆ. ಬಾಂಡ್ಲಿ ಎಲ್ಲಿಡು ಎನ್ನುವೆಯೋ ಅಲ್ಲಿಡುತ್ತೇನೆ. ಕೇಳದೆ ಒಂದು ಇಟ್ಟಿಗೆಯನ್ನೂ ಎತ್ತುವುದಿಲ್ಲ. ಅದನ್ನೂ ನೀನು ಒಪ್ಪದೆ, ಈ ಅಂಗಳದಲ್ಲಿ ಕಾಲಿಡಬೇಡಿ ಎಂದರೆ, ಅದೂ ನ್ಯಾಯವೇ. ಗೇಟಿನ ಹೊರಗೆ ಕುಳಿತು ಕೇಳಿಸಿಕೊಳ್ಳುತ್ತೇನೆ.

ಚಾವಣಿ ಬೀಳುವ ಭಯ ಒಂದು. ಅದರ ಕೆಳಗೆ ನೀನಿರುವ ಭಯ ಅದಕ್ಕಿಂತ ದೊಡ್ಡದು. ಅದರಿಂದಲೇ ಕೈ ಓಡುತ್ತಿದೆ. ಮೂರನೆಯದು ಒಂದಿದೆ, ಹೇಳಲು ನಾಚಿಕೆ: ಇನ್ನು ಮೇಲೆ ನನ್ನ ಕೆಲಸವನ್ನೂ ನೀನು ಅಳೆದು ನೋಡುವೆ. ಅಳೆ, ಮಗಳೇ. ಅಂದೇ ಅಳೆಯಬೇಕಾಗಿತ್ತು.

ದೇವರು ನಿನ್ನನ್ನು ಕಾಯಲಿ. ನನ್ನಿಂದಲೂ ಕಾಯಲಿ.

ಇಂತು,
ನಿನ್ನ ಅಪ್ಪ

ತಾ.ಕ.: ಕಾಗದವನ್ನು ಕಾವಲುಗಾರನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ನಾನು ಮನೆಗೆ ಹೋಗುವುದಿಲ್ಲ. ಓದುಮನೆಯ ಒಳಗೆ, ನೆತ್ತಿಗೆ ನೇರವಾಗಿ ಕೆಳಗೆ, ಆಸರೆ ಕಂಬಗಳ ನಡುವೆ, ಬೋರಲು ಹಾಕಿದ ಬಾಂಡ್ಲಿಯ ಮೇಲೆ ಕುಳಿತಿದ್ದೇನೆ. ಕಾಗದ ಪೂರ್ತಿ ಇಲ್ಲಿಯೇ ಬರೆದದ್ದು. ನೀನು ಬರುವ ಮೊದಲೇ ಯಾರಾದರೂ ಉತ್ಸಾಹದಿಂದ ಸುತ್ತಿಗೆ ಎತ್ತಿದರೂ, ಒಳಗೆ ಮನುಷ್ಯನಿರುವಾಗ ಮೂರ್ಬೆರಳು ಬೆಣೆ ಮುಟ್ಟಲಾರ. ಇದನ್ನು ಓದಿ ನನ್ನ ಧೈರ್ಯವನ್ನು ಮೆಚ್ಚಿಬಿಡುವೆಯೆಂಬ ಭಯಕ್ಕೆ ಇನ್ನೊಂದು ಮಾತು. ನಲವತ್ತು ವರ್ಷಗಳಲ್ಲಿ ನಾನು ಬೆಣೆ ತೆಗೆಯುವಾಗ ಯಾವ ಚಾವಣಿಯ ಕೆಳಗೂ ನಿಂತವನಲ್ಲ. ಪ್ರತಿ ಸಲವೂ ಹೊಸ್ತಿಲಿನ ಹೊರಗೆ, ಬಾಗಿಲಿನ ಚೌಕಟ್ಟು ಹಿಡಿದು ನಿಲ್ಲುತ್ತಿದ್ದೆ. ಸದ್ದಡಗಿದ ಮೇಲೆ ಒಳಗೆ ಹೋಗುತ್ತಿದ್ದೆ. ಬಡಗಿಗೆ ಗೊತ್ತು, ಅವನು ಯಾರಿಗೂ ಹೇಳಲಿಲ್ಲ. ನಿನಗೆ ಏಳು ವರ್ಷವಾಗಿದ್ದಾಗ ಒಂದು ಸಂಜೆ, ನಿನ್ನ ಬಾಯಿ ತೆರೆದ ಮುಖವನ್ನು ನೋಡುವ ಆಸೆಗೆ, ಕೆಳಗೇ ನಿಲ್ಲುತ್ತೇನೆ ಎಂದುಬಿಟ್ಟೆ; ಮರುದಿನ ನೀನು ಅದನ್ನು ಶಾಲೆಯಲ್ಲಿ ಹೇಳಿದೆ, ಆಮೇಲೆ ಹಿಂದೆ ತೆಗೆದುಕೊಳ್ಳಲಾಗಲಿಲ್ಲ. ಚಾವಣಿಯ ಕೆಳಗೆ ಕೂರುವುದು ಇದೇ ಮೊದಲು. ಮೇಲಿನಿಂದ ಆಗಾಗ ಸುಣ್ಣದ ಪುಡಿ ಕಾಗದದ ಮೇಲೆ ಬೀಳುತ್ತಿದೆ. ನನಗೆ ತುಂಬ ಹೆದರಿಕೆಯಾಗುತ್ತಿದೆ, ಬೇಗ ಬಾ.